ಮುದ್ರಿತ ಪುಟದಲ್ಲಿ ಪರಿಷ್ಕರಣ ಸಂಖ್ಯೆ: ಒಂದು ವಿಮರ್ಶೆ

ವ್ಯಾಕರಣಗ್ರಂಥ ಅಥವಾ ಮಹಾಪ್ರಬಂಧದ ಕರಡನ್ನು ಲೇಟೆಕ್‌ನಲ್ಲಿ ಅಕ್ಷರಜೋಡಣೆ ಮಾಡಿ, ಪುಟದಡಿಯಲ್ಲಿ ಆವೃತ್ತಿ ನಿಯಂತ್ರಣ ವ್ಯವಸ್ಥೆಯ ಪರಿಷ್ಕರಣ ಸಂಖ್ಯೆಯನ್ನು ಮುದ್ರಿಸುವ ಕ್ರಮವೊಂದಿದೆ. ಇದರ ಉದ್ದೇಶ ಪಾಠಸಂಪಾದನೆಯ ಶಿಸ್ತಿಗೆ ಸಮೀಪವಾದುದು. ಕರಡು ತಿದ್ದಿದಂತೆ ಉದಾಹರಣೆಗಳ ಕ್ರಮಾಂಕ ಜರುಗುತ್ತದೆ, ಆಕೃತಿಮಾಗಳ ವಿಭಜನೆ ಬದಲಾಗುತ್ತದೆ; ಆದುದರಿಂದ ಉಲ್ಲೇಖಿಸಿದವರು ಓದಿದ ಪಾಠ ಯಾವುದೆಂಬುದು ತಿಳಿಯಬೇಕು. ಮುದ್ರಿತ ಸಂಖ್ಯೆ ಈ ಹೊಣೆಯನ್ನು ಹೊರಬಲ್ಲುದೇ ಎಂಬುದು ನಮ್ಮ ಪ್ರಶ್ನೆ.

ಸಬ್‌ವರ್ಷನ್‌ನಲ್ಲಿ ಇಡೀ ಭಂಡಾರಕ್ಕೆ ಒಂದೇ ಏರುಕ್ರಮದ ಸಂಖ್ಯೆಯುಂಟು. ಆದರೆ ಕಡತದೊಳಗಿನ ಸಂಕೇತಪದ ವಿಸ್ತರಣೆಗೊಂಡಾಗ ದೊರೆಯುವುದು ಆ ಕಡತ ಕಡೆಯ ಬಾರಿ ಬದಲಾದ ಸಂಖ್ಯೆ ಮಾತ್ರ. ಮುಖ್ಯ ಕಡತ 412ರಲ್ಲಿಯೂ ಅದು ಒಳಗೊಳ್ಳುವ ಕ್ರಿಯಾಪದದ ಅಧ್ಯಾಯ 430ರಲ್ಲಿಯೂ ಬದಲಾಗಿದ್ದರೆ, ಮುಖ್ಯ ಕಡತವನ್ನಷ್ಟೇ ನಂಬಿದ ಮುಖಪುಟ 412 ಎಂದೇ ಸಾರುತ್ತದೆ. ಅಧ್ಯಾಯವನ್ನು ಕುರಿತು ಅದು ಸುಳ್ಳು.

2005ರಲ್ಲಿ ಬಂದ ಗಿಟ್‌ನಲ್ಲಿ ಸಮಸ್ಯೆಯ ರೂಪ ಬೇರೆ. ಅಲ್ಲಿ ಪ್ರತಿಯೊಂದು ಕಮಿಟ್‌ನ ಗುರುತು ಸಾಮಾನ್ಯವಾಗಿ 40 ಅಂಕಾಕ್ಷರಗಳ ಹ್ಯಾಶ್. ಅದು ಕಮಿಟ್‌ನ ಒಡಲಿನಿಂದಲೇ ಗಣಿತವಾಗುವುದರಿಂದ ಅದೇ ಕಮಿಟ್‌ನ ಕಡತದೊಳಗೆ ಅದನ್ನು ಬರೆದಿಡುವುದು ಸಾಧ್ಯವಿಲ್ಲ. ಗಿಟ್‌ಇನ್‌ಫೋ2 ಪ್ಯಾಕೇಜು ಕಮಿಟ್ ಆದೊಡನೆ ಹುಕ್ ಮೂಲಕ ಬೇರೊಂದು ಕಡತದಲ್ಲಿ ಹ್ಯಾಶನ್ನು ಬರೆಸಿ ಈ ತೊಡಕನ್ನು ದಾಟುತ್ತದೆ. ಜಾಣ ಉಪಾಯವೇ ಸರಿ. ಆದರೆ ಕಮಿಟ್‌ನ ಬಳಿಕ ಲೇಖಕರು ವಾಕ್ಯವೊಂದನ್ನು ತಿದ್ದಿ ಹಾಗೆಯೇ ಮುದ್ರಿಸಿದರೆ, ಹೊಸ ಪಾಠದ ಮೇಲೆ ಹಳೆಯ ಹ್ಯಾಶ್ ಕುಳಿತಿರುತ್ತದೆ.

ಎರಡು ಕ್ರಮಗಳ ದೋಷಮೂಲವೂ ಒಂದೇ ಎಂದು ನಾವು ಭಾವಿಸುತ್ತೇವೆ: ಸಂಖ್ಯೆ ದಾಖಲಾಗುವ ಗಳಿಗೆ ಬೇರೆ, ಪುಟ ರೂಪುಗೊಳ್ಳುವ ಗಳಿಗೆ ಬೇರೆ. ಆದ್ದರಿಂದ ಪ್ರತಿಯೊಂದು ಅಕ್ಷರಜೋಡಣೆಯ ಹೊತ್ತಿನಲ್ಲಿಯೂ ಭಂಡಾರವನ್ನು ಕೇಳಿಯೇ ಸಂಖ್ಯೆಯನ್ನು ಪಡೆಯಬೇಕು. ಗಿಟ್‌ನ ಡಿಸ್ಕ್ರೈಬ್ ಆದೇಶಕ್ಕೆ ಡರ್ಟಿ ಆಯ್ಕೆಯನ್ನು ಕೂಡಿಸಿದರೆ ಕಮಿಟ್ ಆಗದ ತಿದ್ದುಪಡಿಗಳಿರುವುದನ್ನು ಅದು ಸೂಚಿಸುತ್ತದೆ. ಸಬ್‌ವರ್ಷನ್‌ನಲ್ಲಿ ಎಸ್‌ವಿಎನ್‌ವರ್ಷನ್ ಆದೇಶ ಈ ಕೆಲಸವನ್ನು ಮಾಡುತ್ತದೆ. ಗಿಟ್‌ನ ಆ ಸೂಚನೆಯೂ ಪರಿಪೂರ್ಣವಲ್ಲ: ಭಂಡಾರಕ್ಕೆ ಇನ್ನೂ ಸೇರಿಸದ ಹೊಸ ಕಡತಗಳನ್ನು ಅದು ಗಣನೆಗೆ ತೆಗೆದುಕೊಳ್ಳುವುದಿಲ್ಲ.

ಇನ್ನು, ಎರಡು ಹ್ಯಾಶ್‌ಗಳನ್ನು ಕಂಡ ಓದುಗರಿಗೆ ಯಾವುದು ಹಿಂದಿನದು, ಯಾವುದು ಈಚಿನದು ಎಂದು ತಿಳಿಯದು. ಯೂನಿವರ್ಸಲ್ ಡಿಪೆಂಡೆನ್ಸೀಸ್ ಯೋಜನೆ ಕ್ರಮಸಂಖ್ಯೆಯುಳ್ಳ ಬಿಡುಗಡೆಗಳನ್ನು ಹೊರತರುವುದು ಉಲ್ಲೇಖದ ಈ ಅಗತ್ಯವನ್ನು ಪೂರೈಸುತ್ತದೆ. ಕರಡಿಗೂ ದಿನಾಂಕ, ಬಿಡುಗಡೆಯ ಸಂಖ್ಯೆ, ಹ್ಯಾಶ್ ಮೂರೂ ಬೇಕು. ಸಂಖ್ಯೆಯಿಲ್ಲದ ಕರಡನ್ನು ಓದುಗರು ಎಚ್ಚರದಿಂದ ಉಲ್ಲೇಖಿಸುತ್ತಾರೆ. ತಪ್ಪು ಸಂಖ್ಯೆ ಹೊತ್ತ ಕರಡನ್ನು ನಂಬಿ ಉಲ್ಲೇಖಿಸುತ್ತಾರೆ. ಎರಡನೆಯದೇ ಹೆಚ್ಚು ಹಾನಿಕರ.