ಪದಕದ ಅಂಚಿನ ಬರಹ

ಯುದ್ಧಕ್ಕೆ ಹೋಗಿಬಂದ ತಾತ, ಮುತ್ತಾತಂದಿರನ್ನು ಕುರಿತು ಮನೆಯವರೇ ಬರೆಯುವುದು ಸಂತೋಷದ ವಿಷಯ. ಆದರೆ ಮೈಸೂರು ಸೀಮೆಯ ಇಂಥ ಬರಹಗಳಿಗೆ ಒಂದು ಚಾಳಿಯುಂಟು: ಪೆಟ್ಟಿಗೆಯ ತಳದಲ್ಲಿ ಪದಕವೊಂದು ಸಿಕ್ಕಿದರೆ ಸಾಕು, ತಾತ ಹೈಫಾದಲ್ಲಿ ಕುದುರೆ ಓಡಿಸಿಯೇಬಿಡುತ್ತಾನೆ.

ಹೈಫಾ ಕಟ್ಟುಕತೆಯಲ್ಲ. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರೊಡನೆ ಮೈಸೂರು ಲ್ಯಾನ್ಸರ್ಸ್ ದಳ ಆ ಪಟ್ಟಣವನ್ನು ಹಿಡಿದದ್ದು ಚರಿತ್ರೆ. ಆದರೆ ಪದಕ ಹೇಳುವುದು ಅಷ್ಟನ್ನಲ್ಲ. 1914–18ರ ಬ್ರಿಟಿಷ್ ಯುದ್ಧಪದಕದ ಮುಖದ ಮೇಲಿರುವುದು ದೊರೆಯ ತಲೆ. ಸಿಪಾಯಿಯ ಹೆಸರು, ದಳಗಳಿರುವುದು ಅಂಚಿನಲ್ಲಿ. ಅವನು ಕಾದಿದ ಊರಿನ ಹೆಸರು ಎಲ್ಲಿಯೂ ಇಲ್ಲ. ಬೆಳ್ಳಿಯ ಬದಲು ಕಂಚಿನದಾದರೆ, ಅದು ಸಾಮಾನ್ಯವಾಗಿ ಕೂಲಿದಳದವರಿಗೆ ಕೊಟ್ಟದ್ದು. ಆ ಕಂಚನ್ನು ಮರೆಮಾಡಿ ತಾತನ ಕೈಗೆ ಈಟಿ ಕೊಡುವ ಮೊಮ್ಮಗ ಅವನನ್ನು ದೊಡ್ಡವನನ್ನಾಗಿ ಮಾಡುವುದಿಲ್ಲ. ಹೊರೆ ಹೊತ್ತು ಬಂದವನನ್ನು ಅಳಿಸಿಹಾಕುತ್ತಾನೆ.

ಪಾಂಡವಪುರದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೈದರ್, ಟಿಪ್ಪು ಕಾಲದಲ್ಲಿ ಅಲ್ಲಿ ಬೀಡುಬಿಟ್ಟಿದ್ದ ಫ್ರೆಂಚರಿಂದಾಗಿ ಊರು ಬಹುಕಾಲ ‘ಫ್ರೆಂಚ್ ರಾಕ್ಸ್’ ಎನಿಸಿಕೊಂಡಿತ್ತು. ಹೊರಗಿನಿಂದ ಬಂದ ದಂಡಿಗೆ ಊರಿನ ಹೆಸರೇ ಸಂದಿತು. ಊರಿನಿಂದ ಹೊರಗೆ ಹೋದವನಿಗೆ ದಕ್ಕಿದ್ದು ಪದಕದ ಅಂಚು ಮಾತ್ರ.

ಆದ್ದರಿಂದ ಬರೆಯುವವರು ಮೊದಲು ಆ ಅಂಚನ್ನು ಬೆಳಕಿಗೆ ಹಿಡಿದು ಓದಲಿ. ಮನೆಯಲ್ಲಿ ಕೇಳಿದ ಮಾತನ್ನು ಕೇಳಿದ ಮಾತೆಂದೇ ಬರೆಯಲಿ. ಹೈಫಾ ಕೈತಪ್ಪಿದರೂ ತಾತ ಉಳಿಯುತ್ತಾನೆ; ಬರವಣಿಗೆಗೆ ಬೇಕಾದವನೂ ಅವನೇ.