ಹೊನ್ನಾವರದ ಬೆಂಕಿ, ಆಗ್ಸ್‌ಬುರ್ಗ್‌ನ ಮರದಚ್ಚು

ಹಿಂಸೆಯನ್ನು ಚಿತ್ರಿಸುವುದರಲ್ಲಿ ಆಗ್ಸ್‌ಬುರ್ಗ್‌ನ ಕಲಾವಿದ ಹಾನ್ಸ್ ಬುರ್ಗ್‌ಮೈರ್‌ಗೆ ಸಂಕೋಚವೆಂಬುದಿರಲಿಲ್ಲ. 1510ರ ಅವನ ಮರದಚ್ಚೊಂದನ್ನು ನೋಡಿ: ರೆಕ್ಕೆ ಮೂಡಿದ ಮೃತ್ಯು, ಕೆಳಗೆ ಬಿದ್ದ ಯೋಧನನ್ನು ಮೆಟ್ಟಿ ನಿಂತು ಎರಡೂ ಕೈಯಲ್ಲಿ ಅವನ ಬಾಯಿ ಅಗಲಿಸುತ್ತಿದ್ದಾನೆ, ಓಡಿಹೋಗುತ್ತಿರುವ ಹುಡುಗಿಯ ಉಡುಪು ಮೃತ್ಯುವಿನ ಹಲ್ಲಿಗೆ ಸಿಕ್ಕಿದೆ. ಯೋಸ್ಟ್ ಡೆ ನೆಗ್ಕರ್ ಕೆತ್ತಿದ ಮೂರು ಹಲಗೆಗಳಿಂದ ಅಚ್ಚಾದ ಚಿತ್ರವಿದು. ಗಾಢ ಹಲಗೆ ನೆರಳು ಕೊಟ್ಟರೆ, ಮಸಿ ತಾಗದೆ ಉಳಿದ ಕಾಗದವೇ ಬೆಳಕು. ಚಕ್ರವರ್ತಿ ಮ್ಯಾಕ್ಸಿಮಿಲಿಯನ್ನನ ಆತ್ಮಕಥನ ‘ವೈಸ್‌ಕೂನಿಗ್’ಗೆ ಇದೇ ಬುರ್ಗ್‌ಮೈರ್ ರಚಿಸಿದ ಯುದ್ಧದೃಶ್ಯಗಳಲ್ಲೂ ಈಟಿಗಳು ಕಾಡಿನಂತೆ ಹೆಣೆದುಕೊಂಡಿವೆ.

ಅದೇ ಕೈ ನಮ್ಮ ಕರಾವಳಿಯ ಕಡೆ ತಿರುಗಿದಾಗ ಏನಾಯಿತು?

1505ರಲ್ಲಿ ಪೋರ್ಚುಗೀಸ್ ನೌಕಾಪಡೆಯ ನಾಯಕ ಫ್ರಾನ್ಸಿಸ್ಕೊ ದ ಅಲ್ಮೇಡ ಲಿಸ್ಬನ್‌ನಿಂದ ಹೊರಟ. ಅವನ ಪಡೆಯಲ್ಲಿ ಜರ್ಮನ್ ವರ್ತಕರು ದುಡ್ಡು ಹೂಡಿದ್ದ ಮೂರು ಹಡಗುಗಳಿದ್ದವು. ಆಗ್ಸ್‌ಬುರ್ಗ್‌ನ ವೆಲ್ಸರ್ ವರ್ತಕ ಮನೆತನದ ಪರವಾಗಿ ಬಾಲ್ತಜಾರ್ ಸ್ಪ್ರಿಂಗರ್ ಬಂದಿದ್ದ. ದಾರಿಯಲ್ಲಿ ಪೂರ್ವ ಆಫ್ರಿಕಾದ ಕಿಲ್ವಾ, ಮೊಂಬಾಸಾ ಸೂರೆಯಾದವು. ಸೆಪ್ಟೆಂಬರಿನಲ್ಲಿ ಕಾರವಾರದೆದುರಿನ ಅಂಜುದೀವದಲ್ಲಿ ಕೋಟೆಯ ಕೆಲಸ ಶುರುವಾಯಿತು. ಅಕ್ಟೋಬರಿನಲ್ಲಿ ಈ ಪಡೆ ಹಚ್ಚಿದ ಬೆಂಕಿಗೆ ಹೊನ್ನಾವರದ ಬಂದರಿನಲ್ಲಿ ಹಡಗುಗಳು ಹೊತ್ತಿ ಉರಿದವು.

ಸ್ಪ್ರಿಂಗರ್ ಊರಿಗೆ ಮರಳಿದ. ಅವನ ಪ್ರವಾಸವನ್ನು ಆಧರಿಸಿ ಬುರ್ಗ್‌ಮೈರ್ 1508ರಲ್ಲಿ ಆಫ್ರಿಕಾ ಮತ್ತು ಭಾರತದ ಜನರನ್ನು ಉದ್ದನೆಯ ಪಟ್ಟಿಯಾಗಿ ಚಿತ್ರಿಸಿದ. ಹೈದರಾಬಾದಿನ ನನ್ನ ಕೋಣೆಯ ಗೋಡೆಯ ಮೇಲೆ ಅದರ ಪ್ರತಿಕೃತಿಯಿದೆ. ಭೂತಗನ್ನಡಿ ಹಿಡಿದರೆ ತೊಡೆ, ಭುಜಗಳ ದುಂಡನ್ನು ಹಿಂಬಾಲಿಸುವ ಬಾಗುಗೆರೆಗಳನ್ನು ಎಣಿಸಬಹುದು. ಕೊಚ್ಚಿಯ ರಾಜನನ್ನು ಜನ ಹೊತ್ತು ಸಾಗುತ್ತಿದ್ದಾರೆ. ವಾದ್ಯದವರಿದ್ದಾರೆ, ಆಯುಧ ಹಿಡಿದವರೂ ಇದ್ದಾರೆ. ಆದರೆ ಒಬ್ಬನಿಗೂ ಗಾಯವಾಗಿಲ್ಲ.

ಕೊಚ್ಚಿಯ ರಾಜ ಪೋರ್ಚುಗೀಸರ ಮಿತ್ರ, ಮೆಣಸು ಕೊಡುವವನು. ಅವನಿಗೆ ಮೆರವಣಿಗೆ ದಕ್ಕಿತು. ಹೊನ್ನಾವರಕ್ಕೆ ಒಂದು ಗೆರೆಯೂ ದಕ್ಕಲಿಲ್ಲ. ಮುಂದೆ ಮ್ಯಾಕ್ಸಿಮಿಲಿಯನ್ನನ ‘ವಿಜಯಯಾತ್ರೆ’ಯ ಮರದಚ್ಚುಗಳಲ್ಲಿ ಬುರ್ಗ್‌ಮೈರ್ ‘ಕಲ್ಲಿಕೋಟೆಯ ಜನ’ರನ್ನು ಆನೆ ಸಮೇತ ಸಾಗಿಸಿದ. ಇತ್ತ ಕಾಲೇ ಇಡದ ಚಕ್ರವರ್ತಿಗೆ ಅವರೂ ಪ್ರಜೆಗಳು!

ಕುಶಲತೆಯಲ್ಲಿ 1508ರ ಪಟ್ಟಿಗೆ ನಾನು ಪೂರ್ಣ ಅಂಕ ಕೊಡುತ್ತೇನೆ. ಆ ಕಾಲದ ಯುರೋಪಿನಲ್ಲಿ ನಮ್ಮವರ ಮೈಕಟ್ಟನ್ನು ಇಷ್ಟು ಗೌರವದಿಂದ ಕಂಡ ಅಚ್ಚುಗಳು ಅಪರೂಪ. ಆದರೂ ರಿನೈಸಾನ್ಸ್ ಮುದ್ರಣಕಲೆಯ ಹಿಂಸೆಯನ್ನು ಅಧ್ಯಯನ ಮಾಡುವವರು ರಕ್ತ ಹರಿದ ಹಾಳೆಗಳನ್ನಷ್ಟೇ ತಿರುವಿದರೆ ಸಾಲದು. ಮೆರವಣಿಗೆಯ ಹಾಳೆಗಳನ್ನೂ ಪಕ್ಕಕ್ಕಿಟ್ಟುಕೊಳ್ಳಿ. ಹಡಗಿಗೆ ದುಡ್ಡು ಹಾಕಿದವರು ಯಾರೆಂದು ವಿಚಾರಿಸಿ.