ಗಾಡಾ ಹೊಡೆಯುವವರಲ್ಲಿ ಅಗ್ರಗಣ್ಯನು ಯಾರು?

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಎಂಬ ನಾಲ್ಕು ತಾಲ್ಲೂಕುಗಳ ಸೀಮೆಯಲ್ಲಿ ಎತ್ತೆಂಬುದು ಒಕ್ಕಲುತನದ ಸಾಧನವಾಗಿ ಮಾತ್ರ ಉಳಿದುದಿಲ್ಲ. ಕಾರಹುಣ್ಣಿಮೆಯ ಸಂಜೆ ಕರಿ ಹರಿಯುವಾಗ ಮುನ್ನುಗ್ಗಿದ ಎತ್ತಿನ ಬಣ್ಣವನ್ನು ನೋಡಿ ಆ ವರ್ಷದ ಬೆಳೆಯನ್ನು ಊಹಿಸುವವರೂ, ಬಲಿಪಾಡ್ಯಮಿಯಿಂದ ಮೊದಲ್ಗೊಂಡು ಕೊಬ್ಬರಿಯ ಮಾಲೆ ಕಟ್ಟಿದ ಹೋರಿಗಳನ್ನು ಅಖಾಡದಲ್ಲಿ ಬೆದರಿಸಿ ಬಿಡುವವರೂ, ಜಾತ್ರೆಯ ನೆವದಲ್ಲಿ ಬಯಲು ಹೊಲಗಳಲ್ಲಿ ಗಾಡಾ ಎಂಬ ಖಾಲಿ ಎತ್ತಿನ ಬಂಡಿಯನ್ನು ಓಡಿಸುವವರೂ ಇಲ್ಲಿ ಬೇರೆ ಬೇರೆ ಜನರಲ್ಲ. ಒಂದೇ ಮನೆತನದ ಅಣ್ಣತಮ್ಮಂದಿರೇ ಈ ಮೂರನ್ನೂ ನಡೆಸುವುದುಂಟು. ಇವುಗಳಲ್ಲಿ ಕಡೆಯದರ ಸುತ್ತ ಬೆಳೆದಿರುವ ಒಂದು ವಾಗ್ವಾದವನ್ನು ನಾನು ವಿಮರ್ಶೆಗೆ ಎತ್ತಿಕೊಂಡಿದ್ದೇನೆ. ನಮ್ಮೂರ ಎತ್ತುಗಳನ್ನು ಇದುವರೆಗೆ ಹೊಡೆದವರಲ್ಲಿ ಶ್ರೇಷ್ಠನು ಯಾರು ಎಂಬುದೇ ಆ ವಾದ. ದೀಪ ಹಚ್ಚುವ ಹೊತ್ತಿಗೆ ಗುಡಿಯ ಕಟ್ಟೆಯ ಮೇಲೆ ಅದು ತೊಡಗಿತೆಂದರೆ ಊಟದ ಹೊತ್ತು ಮೀರಿದರೂ ತೀರುವುದಿಲ್ಲ. ಇದನ್ನು ಕಾಲಹರಣವೆಂದು ತಳ್ಳಿಹಾಕುವವರಿಗೆ ನನ್ನ ಸಮ್ಮತಿಯಿಲ್ಲ. ಬರೆದಿಟ್ಟ ಚರಿತ್ರೆಯಿಲ್ಲದ ಒಂದು ಕಲೆಗೆ ಇಂಥ ವಾದವೇ ಚರಿತ್ರೆ. ಆದುದರಿಂದಲೇ ಅದು ಯಾವ ಪ್ರಮಾಣಗಳನ್ನು ಹಿಡಿದು ನಡೆಯುತ್ತಿದೆಯೆಂಬುದನ್ನು ಲಕ್ಷ್ಯವಿಟ್ಟು ಪರೀಕ್ಷಿಸುವುದು ಅವಶ್ಯವಾಗಿದೆ.

ಆಟದ ನಿಯಮ ಸರಳವಾದುದು. ಒಂದು ನಿಮಿಷದ ಅವಧಿಯಲ್ಲಿ ಯಾವ ಜೋಡಿಯು ಹೆಚ್ಚು ದೂರವನ್ನು ಕ್ರಮಿಸುವುದೋ ಅದಕ್ಕೆ ಮೊದಲ ಬಹುಮಾನ. ದೂರವನ್ನು ಅಡಿಗಳಲ್ಲಿ ಅಳೆದು ಧ್ವನಿವರ್ಧಕದಲ್ಲಿ ಕೂಗಿ ಹೇಳುತ್ತಾರೆ. ಹೇರಿಲ್ಲದ ಗಾಡಾ ಹಗುರವಾದುದರಿಂದ ಎತ್ತಿನ ಬಲಕ್ಕಿಂತ ವೇಗಕ್ಕೂ, ವೇಗಕ್ಕಿಂತ ಜೋಡಿಯ ಹೊಂದಾಣಿಕೆಗೂ ಇಲ್ಲಿ ಬೆಲೆ ಹೆಚ್ಚು. ಎಡಗೋಲಿನ ಎತ್ತು ಅರ್ಧ ಹೆಜ್ಜೆ ಮುಂದಾಯಿತೆಂದರೆ ನೊಗ ಓರೆಯಾಗುತ್ತದೆ. ನೊಗ ಓರೆಯಾದೊಡನೆ ಗಾಲಿ ನೇರವನ್ನು ಬಿಡುತ್ತದೆ. ಗಾಲಿ ನೇರವನ್ನು ಬಿಟ್ಟಲ್ಲಿ ಎತ್ತುಗಳು ನಿಜವಾಗಿ ಓಡಿದ ಓಟದ ಒಂದು ಪಾಲು ಅಳತೆಗೆ ಸಿಕ್ಕದೆ ವ್ಯರ್ಥವಾಗುತ್ತದೆ. ಈ ನಷ್ಟವನ್ನು ತಪ್ಪಿಸುವುದೇ ಗಾಡಾ ಹೊಡೆಯುವವನ ವಿದ್ಯೆ. ಬಲ್ಲವನ ಕೈಯನ್ನು ಸಮೀಪದಿಂದ ನೋಡಿದವರಿಗೆ ಇದು ಗೊತ್ತು: ಹೊರಡುವ ಮುನ್ನ ಅವನು ಎರಡೂ ಎತ್ತುಗಳ ಗಂಗೆದೊಗಲನ್ನು ನೀವಿ, ನೊಗದ ಕಣ್ಣಿಯನ್ನು ತಾನೇ ಒಮ್ಮೆ ಜಗ್ಗಿ ನೋಡಿ, ಹಗ್ಗವನ್ನು ಬಿಗಿಯೂ ಅಲ್ಲದ ಸಡಿಲವೂ ಅಲ್ಲದ ಅಳತೆಯಲ್ಲಿ ಬೆರಳ ಸಂದಿಗೆ ತಂದುಕೊಳ್ಳುತ್ತಾನೆ, ಸೀಟಿಯಾದ ಮೇಲೆ ಮುಂದಾಗಬಯಸುವ ಎತ್ತನ್ನು ಮಣಿಕಟ್ಟಿನ ಒಂದು ತಿರುವಿನಿಂದ ತಡೆದು, ಹಿಂದಾಗುವುದನ್ನು ಲೊಚಗುಟ್ಟಿ ಎಬ್ಬಿಸಿ, ಎಂಟು ಕಾಲುಗಳೂ ಒಂದೇ ತಾಳಕ್ಕೆ ಬಿದ್ದುವೆಂದು ಪಾದಕ್ಕೆ ತಿಳಿದ ಕ್ಷಣದಲ್ಲಿ ಹಗ್ಗವನ್ನು ಬಿಟ್ಟುಕೊಡುತ್ತಾನೆ. ಆ ಕ್ಷಣ ಮೊದಲ ಹತ್ತು ಮಾರಿನಲ್ಲಿ ಬಂದರೆ ಒಂದು ಫಲ, ನಡುದಾರಿಯಲ್ಲಿ ಬಂದರೆ ಮತ್ತೊಂದು ಫಲ. ನೋಡುವ ಜನ ಧೂಳನ್ನೂ ವೇಗವನ್ನೂ ನೋಡುತ್ತಿರುತ್ತಾರೆ. ಈ ಸೂಕ್ಷ್ಮವು ಬಹುಮಂದಿಯ ಕಣ್ಣಿಗೆ ಬೀಳುವುದೇ ಇಲ್ಲ.

ಬೀಳದಿರುವುದರ ಪರಿಣಾಮವನ್ನು ಕಟ್ಟೆಯ ವಾದದಲ್ಲಿ ಕಾಣಬಹುದು. ಅಲ್ಲಿ ಶ್ರೇಷ್ಠತೆಯನ್ನು ಬಹುಮಾನಗಳ ಎಣಿಕೆಯಿಂದಲೂ, ಬಹುಮಾನದ ವಸ್ತುವಿನ ಬೆಲೆಯಿಂದಲೂ ತೀರ್ಮಾನಿಸುವುದೇ ರೂಢಿ. ಬಂಗಾರ ಗೆದ್ದವನು ದೊಡ್ಡವನು, ಬೈಕು ಗೆದ್ದವನು ಅವನಿಗಿಂತ ದೊಡ್ಡವನು. ಇದಕ್ಕೆ ಊರಿನ ಅಭಿಮಾನವು ಸೇರಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಎತ್ತಿನ ಗುಣವಾವುದು, ಹೊಡೆದವನ ಗುಣವಾವುದು ಎಂಬ ವಿವೇಚನೆ ಹುಟ್ಟುವುದು ಯಾರಾದರೂ ವಯೋವೃದ್ಧರು ಬಾಯಿ ಹಾಕಿದಾಗ ಮಾತ್ರ. "ಎತ್ತ ಓಡತಾವ ಖರೆ, ಆದ್ರ ಅದೇ ಎತ್ತ ಬ್ಯಾರೇದವನ ಕೈಯಾಗ ಎಷ್ಟ ಓಡಿದ್ವು ಅನ್ನೂದನ್ನ ಯಾರರ ನೋಡೀರೇನೋ ತಮ್ಮಾ?" ಎಂದು ಅಂಥವರೊಬ್ಬರು ಕೇಳಿದುದನ್ನು ನಾನು ಕೇಳಿದ್ದೇನೆ. ನನ್ನ ಮಟ್ಟಿಗೆ ಇಡೀ ವಾದದಲ್ಲಿ ವಿಮರ್ಶೆಯೆನ್ನಬಹುದಾದ ಪ್ರಶ್ನೆ ಅದೊಂದೇ. ಹೋರಿ ಬೆದರಿಸುವ ಆಟದಲ್ಲಿ ಈ ತೊಡಕಿಲ್ಲ. ಅಲ್ಲಿ ಹೋರಿಯೇ ನಾಯಕ, ಅದಕ್ಕೆ ಹೆಸರಿದೆ, ಅಭಿಮಾನಿಗಳ ಬಳಗವಿದೆ, ಹೆಸರಾದ ಹೋರಿ ಸತ್ತರೆ ಮೆರವಣಿಗೆ ಮಾಡಿ ಮಣ್ಣು ಕೊಡುವ ಪದ್ಧತಿಯೂ ಇದೆ. ಗಾಡಾದಲ್ಲಿ ಎರಡು ಎತ್ತು, ಒಬ್ಬ ಮನುಷ್ಯ, ಅವರ ಹಿಂದೆ ಹುರುಳಿ ಹಿಂಡಿ ಇಕ್ಕಿ ಸಾಕಿದ ಒಡೆಯ, ಇಷ್ಟು ಜನರ ಕೀರ್ತಿಯು ಒಂದೇ ಅಂಕಿಯಲ್ಲಿ ಕಲಸಿಹೋಗಿದೆ.

ಇದು ನಮ್ಮ ಸೀಮೆಗೆ ಮಾತ್ರ ಬಂದ ತೊಡಕಲ್ಲ. ಮೋಟಾರು ಪಂದ್ಯದ ಲೋಕದಲ್ಲಿ ಇಟಲಿಯ ಫೆರಾರಿ ತಂಡದ ಚರಿತ್ರೆಯನ್ನು ಕುರಿತು ಇದೇ ಜಿಜ್ಞಾಸೆ ದಶಕಗಳಿಂದ ನಡೆದು ಬಂದಿದೆ. ಅಂಕಿಗಳನ್ನು ನೆಚ್ಚುವವರಿಗೆ ಉತ್ತರ ಸುಲಭ: 1979ರ ತರುವಾಯ ಚಾಲಕರ ಪ್ರಶಸ್ತಿಯನ್ನೇ ಕಾಣದಿದ್ದ ಆ ತಂಡಕ್ಕೆ 2000ದಿಂದ 2004ರವರೆಗೆ ಸತತವಾಗಿ ಐದು ಪ್ರಶಸ್ತಿಗಳನ್ನು ತಂದುಕೊಟ್ಟು, ಅದೇ ತಂಡದ ಪರವಾಗಿ 72 ಪಂದ್ಯಗಳನ್ನು ಗೆದ್ದ ಮೈಕೇಲ್ ಷೂಮಾಕರನೇ ಶ್ರೇಷ್ಠ. ಆದರೆ ಆ ತಂಡದ ಅಭಿಮಾನಿಗಳಲ್ಲಿ ಅನೇಕರ ಹೃದಯದಲ್ಲಿ ನೆಲಸಿರುವ ಹೆಸರು ಬರಿಯ ಆರು ಪಂದ್ಯಗಳನ್ನು ಗೆದ್ದು, ಪ್ರಶಸ್ತಿಯೊಂದನ್ನೂ ಪಡೆಯದೆ, 1982ರ ಮೇ 8ರಂದು ಬೆಲ್ಜಿಯಮ್ಮಿನ ಜೋಲ್ಡರಿನಲ್ಲಿ ಅಪಘಾತಕ್ಕೀಡಾಗಿ ಮೃತನಾದ ಜಿಲ್ ವಿಲ್‌ನೆವ್ ಎಂಬ ಕೆನಡಾ ದೇಶದವನದು. ಅದರ ಹಿಂದಿನ ವರ್ಷ ಸ್ಪೇನಿನ ಹರಾಮಾದಲ್ಲಿ, ತಿರುವುಗಳಲ್ಲಿ ಎಳೆದಾಡುವ ಗಾಡಿಯೊಂದನ್ನು ಹಿಡಿದುಕೊಂಡು, ತನಗಿಂತ ಚೆನ್ನಾಗಿ ತಿರುಗಬಲ್ಲ ನಾಲ್ಕು ಗಾಡಿಗಳನ್ನು ಬೆನ್ನ ಹಿಂದೆಯೇ ತಡೆದಿಟ್ಟು ಅವನು ಗೆದ್ದ ಪಂದ್ಯವನ್ನು ಇಂದಿಗೂ ಸ್ಮರಿಸುತ್ತಾರೆ. ಷೂಮಾಕರನ ಗೆಲವುಗಳ ಹಿಂದೆ ಜಾನ್ ಟಾಡ್, ರಾಸ್ ಬ್ರಾನ್, ರೋರಿ ಬರ್ನ್ ಮೊದಲಾದವರ ವ್ಯವಸ್ಥೆಯೂ ಯಂತ್ರಜ್ಞಾನವೂ ಇದ್ದುವೆಂಬುದು ದಿಟ; ಆದರೆ ಆ ವ್ಯವಸ್ಥೆ ಕಟ್ಟಿಕೊಳ್ಳುವ ಕಷ್ಟಕಾಲದಲ್ಲಿ, ಎರಡು ಬಾರಿ ಪ್ರಶಸ್ತಿ ಗೆದ್ದಿದ್ದ ಅವನು, ಸೊರಗಿದ್ದ ತಂಡವನ್ನೇ ಆರಿಸಿಕೊಂಡು ಬಂದು 1996ರಿಂದ ನಾಲ್ಕು ವರ್ಷ ಕಾದು ದುಡಿದನೆಂಬುದೂ ಅಷ್ಟೇ ದಿಟ. ತಂಡದ ಚರಿತ್ರೆಯಲ್ಲಿ ಶ್ರೇಷ್ಠನೆನ್ನುವಾಗ ಅವನು ಎಷ್ಟು ಗೆದ್ದನೆಂಬುದರ ಜೊತೆಗೆ, ತಂಡವು ಅವನಿಂದ ಏನಾಯಿತೆಂಬುದನ್ನೂ ಕೇಳಬೇಕಾಗುತ್ತದೆ. ಈ ಪ್ರಶ್ನೆಯನ್ನು ಕೇಳಿದ ಮೇಲೆ ನಾನು ಷೂಮಾಕರನ ಪಕ್ಷಕ್ಕೇ ನಿಲ್ಲುವೆನು, ಆದರೆ ಎಪ್ಪತ್ತೆರಡು ಎಂಬ ಅಂಕಿಯ ಕಾರಣದಿಂದಲ್ಲ. ಆ ನಾಲ್ಕು ವರ್ಷಗಳ ಕಾರಣದಿಂದ.

ನಮ್ಮ ರಾಜ್ಯದ ಕರಾವಳಿಯ ಕಂಬಳದಲ್ಲಿ ಒಂದು ಒಳ್ಳೆಯ ಪದ್ಧತಿಯಿದೆ: ಫಲಿತಾಂಶದಲ್ಲಿ ಕೋಣಗಳ ಯಜಮಾನನ ಹೆಸರಿನ ಕೂಡ ಓಡಿಸಿದವನ ಹೆಸರನ್ನೂ ಬರೆಯುತ್ತಾರೆ. ಈ ದಾಖಲೆಯಿದ್ದುದರಿಂದಲೇ 2020ರ ಫೆಬ್ರವರಿ 1ರಂದು ಐಕಳದಲ್ಲಿ ಅಶ್ವತ್ಥಪುರದ ಶ್ರೀನಿವಾಸ ಗೌಡರು 142.50 ಮೀಟರನ್ನು 13.62 ಸೆಕೆಂಡಿನಲ್ಲಿ ಕ್ರಮಿಸಿದುದು ಲೋಕಕ್ಕೆ ತಿಳಿಯಿತು. ಕೆಲವೇ ದಿನಗಳಲ್ಲಿ ವೇಣೂರಿನಲ್ಲಿ ನಿಶಾಂತ್ ಶೆಟ್ಟರು ಅದನ್ನು ಮೀರಿದುದನ್ನು ಗುರುತಿಸಲೂ ಸಾಧ್ಯವಾಯಿತು. ಅನಂತರ ನಡೆದುದು ಮಾತ್ರ ಅವಿವೇಕ. ಗೌಡರ ಓಟವನ್ನು ನೂರು ಮೀಟರಿಗೆ ಇಳಿಸಿ 9.55 ಸೆಕೆಂಡೆಂದು ಗಣಿಸಿ, ಉಸೇನ್ ಬೋಲ್ಟನ 9.58ರ ಪಕ್ಕದಲ್ಲಿಟ್ಟು ದೇಶವೆಲ್ಲ ಕೊಂಡಾಡಿತು. ಕೋಣಗಳ ಎಳೆತದ ಬಲವನ್ನು ಬಿಟ್ಟು ಮನುಷ್ಯನ ಪಾದವನ್ನು ಬೇರೆಯಾಗಿ ಅಳೆಯಲಾಗುವುದಿಲ್ಲವೆಂಬ ಮಾತನ್ನು ಸ್ಪಷ್ಟವಾಗಿ ಅರಿತಿದ್ದವರು ಸ್ವತಃ ಗೌಡರೇ. ಯಶಸ್ಸಿನಲ್ಲಿ ಕೋಣಗಳ ಪಾಲನ್ನು ಅವರು ಆಗಲೇ ಹೇಳಿದ್ದರು, ಕ್ರೀಡಾ ಪ್ರಾಧಿಕಾರದವರು ಕರೆದ ಓಟದ ಪರೀಕ್ಷೆಗೂ ಹೋಗಲಿಲ್ಲ. ಕಂಬಳದವರ ದಾಖಲೆಯ ಶಿಸ್ತು ನಮಗೆ ಬೇಕು, ಆ ಭಾಗಾಕಾರ ಬೇಡ.

ಇನ್ನು ನಮ್ಮ ಸೀಮೆಯ ಹಿರಿಯರು ಶ್ರೇಷ್ಠತೆಯನ್ನು ಹೇಗೆ ತೂಗುತ್ತಿದ್ದರೆಂಬುದಕ್ಕೆ ಕಲ್ಲಿನ ಸಾಕ್ಷಿಯೇ ಇದೆ. ಕದಂಬರ ರಾಜಧಾನಿಯಾಗಿದ್ದ ಹಾನಗಲ್ಲಿನ ತಾರಕೇಶ್ವರ ದೇವಾಲಯದ ಆವರಣದಲ್ಲಿ ನಿಂತಿರುವ ವೀರಗಲ್ಲುಗಳನ್ನು ನೋಡಿರಿ. ಕೆಳಗಣ ಪಟ್ಟಿಕೆಯಲ್ಲಿ ಕಾಳಗ, ಮೇಲೆ ಅಪ್ಸರೆಯರು ವೀರನನ್ನು ಕರೆದೊಯ್ಯುವ ನೋಟ, ಅದಕ್ಕೂ ಮೇಲೆ ಶಿವಸಾನ್ನಿಧ್ಯ. ಕನ್ನಡನಾಡಿನ ವೀರಗಲ್ಲಿನ ವಿನ್ಯಾಸ ಬಹುಮಟ್ಟಿಗೆ ಇದೇ. ಇಂಥ ಕಲ್ಲುಗಳಲ್ಲಿ ತುರುಗೋಳಿನಲ್ಲಿ ಮಡಿದವರವು ಎಷ್ಟೋ ಇವೆ. ದನಗಳನ್ನು ಹೊಡೆದುಕೊಂಡು ಹೋದ ಬಲಶಾಲಿಗಿಂತ, ಅವುಗಳನ್ನು ಮರಳಿಸುವುದರಲ್ಲಿ ಪ್ರಾಣ ಕೊಟ್ಟವನಿಗೇ ಹೆಚ್ಚಾಗಿ ಕಲ್ಲನ್ನು ನೆಟ್ಟ ಸಮಾಜವದು. ಪಶುವಿನ ರಕ್ಷಣೆಯನ್ನು ಪೌರುಷದ ಪ್ರಮಾಣವಾಗಿ ಇಟ್ಟುಕೊಂಡಿದ್ದ ಈ ನೆಲದಲ್ಲಿ, ಪಶುವಿನ ಮೈಮೇಲೆ ಬಾಸುಂಡೆ ಎಬ್ಬಿಸಿ ನೂರಡಿ ಹೆಚ್ಚು ಓಡಿಸಿದವನನ್ನು ಅಗ್ರಗಣ್ಯನೆನ್ನುವುದು ನನಗೆ ಸಹ್ಯವಾಗದು.

ಗೆಲವಿನ ಆಸೆಯಿಂದ ಬಾರುಕೋಲು ಮಿತಿ ಮೀರಿದ ದಿನಗಳನ್ನು ಈ ಆಟ ಕಂಡಿದೆ. 2014ರ ಮೇ 7ರಂದು ಸರ್ವೋಚ್ಚ ನ್ಯಾಯಾಲಯವು ಜಲ್ಲಿಕಟ್ಟನ್ನೂ ಎತ್ತಿನ ಗಾಡಿಯ ಓಟವನ್ನೂ ನಿಷೇಧಿಸಿದಾಗ ನಮ್ಮವರಲ್ಲಿ ಹಲವರು ಅದನ್ನು ಪರಂಪರೆಯ ಮೇಲಣ ಪ್ರಹಾರವೆಂದು ತಿಳಿದರು. ಕರ್ನಾಟಕವು 2017ರಲ್ಲಿ ತಂದ ತಿದ್ದುಪಡಿಯನ್ನೂ, ತಮಿಳುನಾಡು ಮಹಾರಾಷ್ಟ್ರಗಳ ತಿದ್ದುಪಡಿಗಳನ್ನೂ 2023ರ ಮೇ 18ರಂದು ಸಂವಿಧಾನ ಪೀಠವು ಎತ್ತಿಹಿಡಿಯಿತು. ಆಟಕ್ಕೆ ಮರಳಿ ನೆಲೆ ದೊರೆತುದು ಸಂತೋಷದ ಸಂಗತಿಯೇ. ಆದರೆ ಕಟ್ಟೆಯ ವಾದವು ನ್ಯಾಯಾಲಯದ ಈ ಒಂಬತ್ತು ವರ್ಷಗಳಿಂದ ಏನನ್ನೂ ಕಲಿಯದೆ ಹಳೆಯ ಎಣಿಕೆಗೇ ಮರಳಿದುದು ನನಗೆ ವ್ಯಥೆಯನ್ನುಂಟುಮಾಡಿದೆ.

ನನ್ನ ತೀರ್ಪನ್ನು ಮರೆಮಾಚದೆ ಹೇಳುವೆನು. ಹೆಸರಾದ ಖಿಲಾರಿ ಜೋಡಿಯನ್ನು ಹಣ ಕೊಟ್ಟು ತಂದ ವರ್ಷವೇ ಗೆದ್ದವನಿಗಿಂತ, ಉಳುಮೆಯ ಎತ್ತುಗಳೆರಡನ್ನು ಬೇಸಗೆಯುದ್ದಕ್ಕೂ ತಿದ್ದಿ ಮೂರನೆಯ ಸ್ಥಾನಕ್ಕೆ ತಂದವನನ್ನು ನಾನು ಮೇಲೆ ಕೂರಿಸುತ್ತೇನೆ. ಒಂದೇ ವರ್ಷದಲ್ಲಿ ಜೋಡಿಯನ್ನು ಬಸವಳಿಸಿ ಮಾರಿದವನಿಗಿಂತ, ಅದೇ ಜೋಡಿಯನ್ನು ವರ್ಷ ವರ್ಷವೂ ಕಣಕ್ಕಿಳಿಸಿ ಕಾಲು ಕುಂಟಾಗದಂತೆ ಮನೆಗೆ ತಂದವನನ್ನು ಮೇಲೆ ಕೂರಿಸುತ್ತೇನೆ. ಬಾರುಕೋಲನ್ನು ಕೆಳಗೆ ಇರಿಸಿ, ಹಗ್ಗ ಮತ್ತು ಧ್ವನಿಗಳಿಂದಲೇ ಓಡಿಸಿದವನು ಎರಡನೆಯವನಾದರೂ ನನ್ನ ಗಣನೆಯಲ್ಲಿ ಮೊದಲನೆಯವನು. ಊರಿನ ಒಬ್ಬ ಹುಡುಗನಿಗೆ ಹಗ್ಗ ಹಿಡಿಯುವುದನ್ನು ಕಲಿಸಿದವನಿಗೆ ಇನ್ನೂ ಹೆಚ್ಚಿನ ಮನ್ನಣೆ ಸಲ್ಲಬೇಕು. ಏಕೆಂದರೆ ಟ್ರ್ಯಾಕ್ಟರು ಬಂದು ಎತ್ತು ಕಟ್ಟುವ ಮನೆಗಳೇ ವಿರಳವಾಗುತ್ತಿರುವ ಈ ಕಾಲದಲ್ಲಿ ವಿದ್ಯೆಯು ಕೈಯಿಂದ ಕೈಗೆ ದಾಟದಿದ್ದರೆ ವಾದಿಸಲು ಹೆಸರುಗಳೇ ಉಳಿಯಲಾರವು. ಹೀಗೆ ತೂಗಿದರೆ ಸತತ ವಿಜೇತನಿಗೆ ಅನ್ಯಾಯವಾಗುವುದೆಂದು ಆಕ್ಷೇಪಿಸಬಹುದು. ಆಗುವುದಿಲ್ಲ, ಅಡಿಗಳ ಲೆಕ್ಕವು ಅವನಿಗೆ ಬಹುಮಾನವನ್ನು ಆ ದಿನವೇ ಕೊಟ್ಟಾಗಿದೆ.

ಇದೆಲ್ಲವನ್ನೂ ನಿರ್ಣಯಿಸಲು ಆಧಾರ ಬೇಕಲ್ಲ! ಜಾತ್ರೆಯ ಕಮಿಟಿಗಳು ಒಂದು ವಹಿಯನ್ನು ಇಟ್ಟು, ಜೋಡಿ, ಒಡೆಯ, ಅಡಿಗಳು ಇವುಗಳ ಜೊತೆಗೆ ಹೊಡೆದವನ ಹೆಸರು, ಎತ್ತುಗಳ ವಯಸ್ಸು, ಹೊಲವು ಎರೆಯೋ ಮಸಾರಿಯೋ, ಅಂದು ನೆಲ ಹಸಿಯಾಗಿತ್ತೋ ಒಣಗಿತ್ತೋ, ಬಾರುಕೋಲು ಬಿದ್ದಿತೋ ಇಲ್ಲವೋ ಎಂಬುದನ್ನು ಅದೇ ಸಂಜೆ ಬರೆದಿಡಲಿ. ಎರೆಯ ಹೊಲದಲ್ಲಿ ಓಡಿದ ಅಡಿಯೂ ಮಸಾರಿಯಲ್ಲಿ ಓಡಿದ ಅಡಿಯೂ ಒಂದೇ ಅಲ್ಲವೆಂದು ಒಕ್ಕಲಿಗನಿಗೆ ಹೇಳಿಕೊಡಬೇಕಾದುದಿಲ್ಲ. ಆದರೂ ಈಗಿನ ಲೆಕ್ಕದಲ್ಲಿ ಎರಡೂ ಒಂದೇ ಆಗಿ ನಿಂತಿವೆ. 2014ಕ್ಕೆ ಮೊದಲು ಗಾಡಾ ಹೊಡೆದ ಮುದುಕರು ಈ ನಾಲ್ಕು ತಾಲ್ಲೂಕುಗಳ ಊರೂರುಗಳಲ್ಲಿ ಇನ್ನೂ ಇದ್ದಾರೆ. ವಹಿಯ ಮೊದಲ ಪುಟಗಳನ್ನು ಅವರನ್ನು ಕೇಳಿ ತುಂಬಿಸುವುದು ಮುಂದಿನ ಕಾರಹುಣ್ಣಿಮೆಯೊಳಗೆ ಆಗಬೇಕಾದ ಕೆಲಸ.